ಆ ಹಾಡನ್ನು ನಿಧಾನ ಮಾಡಬೇಡಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಜಾಯ್ ಡಿವಿಷನ್ ತಂಡದ ‘ಲವ್ ವಿಲ್ ಟೇರ್ ಅಸ್ ಅಪಾರ್ಟ್’ ಹಾಡಿನ ಬಗ್ಗೆ ಬಂದ ಲೇಖನ ಓದಿದೆವು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆಯ ನಾಲ್ಕು ಹುಡುಗರ ಹಾಡಿಗೆ ಕನ್ನಡ ಪತ್ರಿಕೆ ಅರ್ಧ ಪುಟ ಬಿಟ್ಟುಕೊಟ್ಟದ್ದು ಸಂತೋಷವೇ. ಆದರೆ ಲೇಖನ ಅದನ್ನು ‘ಗಾಯಕನ ಮರಣಪತ್ರ’ ಎಂದು ಕರೆದಿದೆ. ಹೆಸರನ್ನು ‘ಪ್ರೀತಿ ನಮ್ಮನ್ನು ಕೊಲ್ಲುತ್ತದೆ’ ಎಂದು ಅನುವಾದಿಸಿದೆ. ಸಾಲದ್ದಕ್ಕೆ, ಒಂದು ಗಿಟಾರ್ ಹಿಡಿದು ನಿಧಾನವಾಗಿ ಹಾಡಿದರೆ ಹಾಡು ಇನ್ನಷ್ಟು ಮನ ಕಲಕುತ್ತದೆ ಎಂದು ಕಾಲೇಜು ತಂಡಗಳಿಗೆ ಸಲಹೆಯನ್ನೂ ಕೊಟ್ಟಿದೆ. ಮೂರೂ ಸರಿಯಲ್ಲ. ಮೂರಕ್ಕೂ ಬೇರು ಒಂದೇ: ಹಾಡನ್ನು ಕೇಳುವ ಮೊದಲೇ ಹಾಡಿದವನ ಸಾವನ್ನು ಕೇಳಿಸಿಕೊಳ್ಳುವುದು.

ಮೊದಲು ತಾರೀಖು ನೋಡೋಣ. ಗಾಯಕ ಇಯಾನ್ ಕರ್ಟಿಸ್ ತೀರಿಕೊಂಡಿದ್ದು 1980ರ ಮೇ 18ರಂದು, 23ನೇ ವಯಸ್ಸಿನಲ್ಲಿ. ಬಿಬಿಸಿ ರೇಡಿಯೊದ ಜಾನ್ ಪೀಲ್ ಅವರ ಕಾರ್ಯಕ್ರಮಕ್ಕಾಗಿ ತಂಡ ಈ ಹಾಡನ್ನು ಧ್ವನಿಮುದ್ರಿಸಿಕೊಟ್ಟದ್ದು 1979ರ ನವೆಂಬರ್ 26ರಂದು, ಸಾವಿಗೆ ಸುಮಾರು ಆರು ತಿಂಗಳು ಮೊದಲು. ಬಳಿಕ 1980ರ ಜನವರಿಯಲ್ಲಿ ಓಲ್ಡ್‌ಹ್ಯಾಮ್‌ನ ಪೆನೈನ್ ಸ್ಟುಡಿಯೊದಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಸ್ಟಾಕ್‌ಪೋರ್ಟ್‌ನ ಸ್ಟ್ರಾಬೆರಿ ಸ್ಟುಡಿಯೊದಲ್ಲಿ ಇನ್ನೊಮ್ಮೆ ಮುದ್ರಣವಾಯಿತು. ಎರಡನ್ನೂ ನಡೆಸಿದವರು ನಿರ್ಮಾಪಕ ಮಾರ್ಟಿನ್ ಹ್ಯಾನೆಟ್. ಫ್ಯಾಕ್ಟರಿ ರೆಕಾರ್ಡ್ಸ್ ಎಂಬ ಕಂಪನಿ ಅದನ್ನು ಜೂನ್‌ನಲ್ಲಿ, ‘ಫ್ಯಾಕ್ 23’ ಎಂಬ ಸಂಖ್ಯೆ ಕೊಟ್ಟು, ಬಿಡಿ ಹಾಡಾಗಿ ಹೊರತಂದಿತು. ಆ ಹೊತ್ತಿಗೆ ಗಾಯಕ ಇರಲಿಲ್ಲ. ಹಾಗಾಗಿ ಅಂಗಡಿಯಲ್ಲಿ ಕೊಂಡವರಿಗೆಲ್ಲ ಅದು ಸತ್ತವನ ದನಿಯಾಗಿ ಕೇಳಿಸಿತು. 12 ಇಂಚಿನ ರೆಕಾರ್ಡಿನ ಹೊದಿಕೆಯ ಮೇಲೆ ಇಟಲಿಯ ಜಿನೋವಾ ನಗರದ ಸ್ಮಶಾನವೊಂದರ ಕಲ್ಲಿನ ದೇವದೂತೆಯ ಚಿತ್ರವಿತ್ತು. ಮ್ಯಾಕಲ್ಸ್‌ಫೀಲ್ಡ್‌ನಲ್ಲಿರುವ ಕರ್ಟಿಸ್ ಅವರ ಸಮಾಧಿಗಲ್ಲಿನ ಮೇಲೂ ಹಾಡಿನ ಹೆಸರನ್ನೇ ಕೆತ್ತಲಾಗಿದೆ. ಜನ ಅಪಾರ್ಥ ಮಾಡಿಕೊಂಡರೆ ಅವರ ತಪ್ಪೇನೂ ಇಲ್ಲ. ಆದರೆ 45 ವರ್ಷ ಕಳೆದ ಮೇಲೆ ಬರೆಯುವವರು ತಾರೀಖು ನೋಡಿಕೊಳ್ಳಬಹುದಿತ್ತು.

ಹಾಡು ಹೇಳುವುದು ಸಾವಿನ ಮಾತಲ್ಲ. ಅದು ಹಳಸುತ್ತಿರುವ ದಾಂಪತ್ಯದ ಮಾತು. ಕರ್ಟಿಸ್ ಮದುವೆಯಾದದ್ದು 1975ರಲ್ಲಿ, 19ನೇ ವಯಸ್ಸಿನಲ್ಲಿ. 1979ರಲ್ಲಿ ಮಗಳು ಹುಟ್ಟಿದಳು. ಅದೇ ವರ್ಷದ ಆರಂಭದಲ್ಲಿ ಅವರಿಗೆ ಮೂರ್ಛೆರೋಗ ಇರುವುದು ಪತ್ತೆಯಾಯಿತು. ಮೂರು ಚರಣಗಳಲ್ಲಿ ಬರುವುದು ದಿನಚರಿಯ ಭಾರ, ತಣ್ಣಗಾದ ಮಲಗುವ ಕೋಣೆ, ಮಗ್ಗುಲು ತಿರುಗಿಸಿ ಮಲಗಿದ ಸಂಗಾತಿ, ಒಬ್ಬರ ಮೇಲೊಬ್ಬರಿಗೆ ಕಡಿಮೆಯಾದ ಗೌರವ, ನಿದ್ದೆಯಲ್ಲಿನ ಕೂಗು. ಇವುಗಳ ನಡುವೆಯೇ, ಇಷ್ಟಾದರೂ ಇಬ್ಬರ ನಡುವೆ ಸೆಳೆತವೊಂದು ಉಳಿದುಕೊಂಡಿದೆ ಎಂಬ ಮಾತೂ ಬರುತ್ತದೆ. ಬೈಗುಳ ಇಲ್ಲ, ಮೋಸ ಮಾಡಿದವರು ಯಾರು ಎಂಬ ತನಿಖೆ ಇಲ್ಲ. ‘ನೀನು’ ಎಂದು ಬೆರಳು ತೋರಿಸುವುದಕ್ಕಿಂತ ‘ನಾವು’ ಎನ್ನುವುದೇ ಹೆಚ್ಚು. ನಮ್ಮ ಸಿನಿಮಾ ವಿರಹಗೀತೆಗಳಲ್ಲಿ ಒಬ್ಬರು ದೂರದಲ್ಲಿರುತ್ತಾರೆ. ಇಲ್ಲಿ ಇಬ್ಬರೂ ಒಂದೇ ಹಾಸಿಗೆಯಲ್ಲಿದ್ದಾರೆ, ಹಾಡಿನ ಕಷ್ಟ ಅದೇ.

ಹೆಸರಿನ ಅನುವಾದಕ್ಕೆ ಬಂದರೆ, ‘ಟೇರ್ ಅಪಾರ್ಟ್’ ಎಂದರೆ ಕೊಲ್ಲುವುದಲ್ಲ, ಹರಿದು ಬೇರೆ ಮಾಡುವುದು; ಒಟ್ಟಿಗೆ ಹೊಲಿದ ಬಟ್ಟೆಯನ್ನು ಹೊಲಿಗೆಯ ಸಮೇತ ಸೀಳಿದ ಹಾಗೆ. ಪಲ್ಲವಿಯ ಕೊನೆಯ ಪದ ‘ಅಗೇನ್’, ಅಂದರೆ ‘ಮತ್ತೆ’. ಲೇಖನ ಅದನ್ನು ಕೈಬಿಟ್ಟಿದೆ. ಆ ‘ಮತ್ತೆ’ ಇಲ್ಲದಿದ್ದರೆ ಇದು ಒಮ್ಮೆ ನಡೆದು ಮುಗಿದ ದುರಂತವಾಗುತ್ತದೆ. ಅದು ಇದ್ದರೆ ಮೊದಲೂ ಹರಿದಿತ್ತು, ಹೇಗೋ ಹೊಲಿದುಕೊಂಡಿದ್ದರು, ಇನ್ನೊಮ್ಮೆ ಹರಿಯುತ್ತಿದೆ ಎಂದಾಗುತ್ತದೆ. ‘ಪ್ರೀತಿ ನಮ್ಮನ್ನು ಮತ್ತೆ ಹರಿದು ಹಾಕುತ್ತದೆ’ ಎಂದು ಬರೆದಿದ್ದರೆ ಸಾಕಿತ್ತು. ಅಷ್ಟೇನೂ ಚಂದದ ಸಾಲಲ್ಲ, ಮೂಲವೂ ಚಂದಕ್ಕೆಂದು ಬರೆದದ್ದಲ್ಲ.

ಇನ್ನು ನಿಧಾನದ ಸಲಹೆ. ನಮ್ಮ ಕೈಗೆ ಕಲಿಯಲು ಬರುವ ಹುಡುಗ ಹುಡುಗಿಯರು ಪತ್ರಿಕೆಯಲ್ಲಿ ಬಂದದ್ದನ್ನು ನಂಬುತ್ತಾರೆ, ಆದ್ದರಿಂದ ಇದನ್ನು ಬಿಡಿಸಿ ಹೇಳಬೇಕಾಗಿದೆ.

ಮೂಲ ಹಾಡಿನ ವೇಗ ನಿಮಿಷಕ್ಕೆ ಸುಮಾರು 147 ಎಣಿಕೆ. ಮಾತು ತಣ್ಣಗಿದೆ, ಲಯ ಓಡುತ್ತಿದೆ. ಮನೆಯೊಳಗೆ ಎಲ್ಲ ನಿಂತುಹೋಗಿದ್ದರೂ ಬೆಳಿಗ್ಗೆ ಎದ್ದು, ಡಬ್ಬಿ ಕಟ್ಟಿಕೊಂಡು, ಬಸ್ಸು ಹಿಡಿಯಲೇಬೇಕಲ್ಲ, ಆ ಓಟ ಅದು. ಹಾಡಿನ ನೋವು ಈ ಎರಡರ ತಿಕ್ಕಾಟದಲ್ಲೇ ಇದೆ. ವೇಗವನ್ನು 100ಕ್ಕೆ ಇಳಿಸಿದ ಕೂಡಲೇ ಮಾತೂ ಲಯವೂ ಒಂದೇ ದುಃಖವನ್ನು ಎರಡೆರಡು ಸಲ ಹೇಳತೊಡಗುತ್ತವೆ. ತಾಂತ್ರಿಕವಾಗಿಯೂ ಪೆಟ್ಟು ಬೀಳುತ್ತದೆ. ಮೂಲ ವೇಗದಲ್ಲಿ ಪಲ್ಲವಿಯ ಒಂದು ಸಾಲಿಗೆ ಸುಮಾರು ಆರೂವರೆ ಸೆಕೆಂಡ್ ಬೇಕು, ಒಂದೇ ಉಸಿರಿನಲ್ಲಿ ಆರಾಮವಾಗಿ ಮುಗಿಯುತ್ತದೆ. 100ರ ವೇಗದಲ್ಲಿ ಅದೇ ಸಾಲು ಒಂಬತ್ತೂವರೆ ಸೆಕೆಂಡ್ ದಾಟುತ್ತದೆ. ಹಾಡುವವರು ‘ಮತ್ತೆ’ಗೆ ಮೊದಲು ಉಸಿರು ಎಳೆಯುತ್ತಾರೆ, ಸಾಲು ಅಲ್ಲೇ ಮುರಿಯುತ್ತದೆ, ಮುಖ್ಯವಾದ ಪದ ಬಾಲಂಗೋಚಿಯ ಹಾಗೆ ನೇತಾಡುತ್ತದೆ.

ಸ್ವರಗಳ ವಿಷಯಕ್ಕೆ ಬರೋಣ. ಹಾಡು ಡಿ ಶ್ರುತಿಯಲ್ಲಿದೆ. ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಎರಡು. ಚರಣಕ್ಕೂ ಪಲ್ಲವಿಗೂ ನಾಲ್ಕೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು): ಇ ಮೈನರ್, ಡಿ, ಬಿ ಮೈನರ್, ಎ. ಅದೇ ಸುತ್ತು ಮೊದಲಿನಿಂದ ಕೊನೆಯವರೆಗೆ ತಿರುಗುತ್ತದೆ. ಕಲಿಯಲು ಹತ್ತು ನಿಮಿಷ ಸಾಕು, ಅದಕ್ಕೇ ಎಲ್ಲರೂ ಇದಕ್ಕೆ ಕೈ ಹಾಕುತ್ತಾರೆ. ಗಮನಿಸಬೇಕಾದ್ದು ಸುತ್ತಿನ ಜೋಡಣೆ. ಡಿ ಈ ಹಾಡಿನ ಷಡ್ಜ, ಅಂದರೆ ಮನೆ. ಆದರೆ ಸುತ್ತು ಮನೆಯಲ್ಲಿ ಶುರುವಾಗುವುದೂ ಇಲ್ಲ, ಮುಗಿಯುವುದೂ ಇಲ್ಲ. ಎರಡನೆಯ ಹೆಜ್ಜೆಯಲ್ಲಿ ಮನೆಗೆ ಬಂದು, ಕೂರದೆ, ಹೊರಟುಬಿಡುತ್ತದೆ. ಕೆಲವು ತಂಡಗಳು ಕೊನೆಯಲ್ಲಿ ಡಿ ಕಾರ್ಡನ್ನು ಗಟ್ಟಿಯಾಗಿ ಹೊಡೆದು ನಿಲ್ಲಿಸುತ್ತವೆ. ಚಪ್ಪಾಳೆ ಬೀಳುತ್ತದೆ, ಹಾಡು ಕೆಡುತ್ತದೆ: ಮೂರು ಚರಣ ಜಗಳವಾಡಿದ ದಂಪತಿ ಫೋಟೊಗೆ ನಿಂತ ಹಾಗೆ. ಮೂಲದಲ್ಲಿ ಸುತ್ತು ತಿರುಗುತ್ತಲೇ ಸದ್ದು ಕರಗಿಹೋಗುತ್ತದೆ. ವೇದಿಕೆಯ ಮೇಲೆ ಹಾಗೆ ಮಾಡಲು ವಾದ್ಯಗಳನ್ನು ಒಂದೊಂದಾಗಿ ಬಿಡಿ. ಮೊದಲು ದನಿ, ಆಮೇಲೆ ಗಿಟಾರ್, ಆಮೇಲೆ ಕೀಬೋರ್ಡ್. ಕೊನೆಗೆ ಡ್ರಮ್ಸ್ ಮತ್ತು ಬೇಸ್ ಗಿಟಾರ್ ಎರಡು ಸುತ್ತು ನಡೆದು ಎ ಮೇಲೆ ನಿಲ್ಲಲಿ.

ಗಿಟಾರಿನ ಕೆಲಸ ಕಾಣುವಷ್ಟು ಸುಲಭವಲ್ಲ. ರೆಕಾರ್ಡಿನಲ್ಲಿ ಮಿನುಗುವ ಆ ಸದ್ದು ಹನ್ನೆರಡು ತಂತಿಯ ಗಿಟಾರಿನದು. ಕರ್ಟಿಸ್ ಗಿಟಾರ್ ವಾದಕರಲ್ಲ. ವೇದಿಕೆಯಲ್ಲಿ ತಂಡದ ಗಿಟಾರ್ ವಾದಕ ಬರ್ನಾರ್ಡ್ ಸಮ್ನರ್ ಕೀಬೋರ್ಡಿಗೆ ಹೋಗಬೇಕಾದ್ದರಿಂದ ಗಾಯಕನ ಕೈಗೆ ವಾಕ್ಸ್ ಫ್ಯಾಂಟಮ್ ಗಿಟಾರ್ ಕೊಟ್ಟು, ಡಿ ಕಾರ್ಡ್ ಕಲಿಸಿ, ಮೀಟುತ್ತಿರು ಎಂದರು. (ಆ ಗಿಟಾರ್ 2020ರ ಹರಾಜಿನಲ್ಲಿ ಒಂದೂವರೆ ಲಕ್ಷ ಪೌಂಡ್‌ಗೂ ಹೆಚ್ಚಿಗೆ ಹೋಯಿತು. ಒಂದೇ ಕಾರ್ಡ್ ಬಂದರೆ ಸಾಲದು ಎನ್ನುವ ಮೇಷ್ಟರುಗಳಿಗೆ ಇದು ಸ್ವಲ್ಪ ಇರುಸುಮುರುಸು.) ಕೈಯ ಮಿತಿಯಿಂದ ಬಂದ ಈ ಏರ್ಪಾಟಿನಲ್ಲಿ ಒಂದು ಲಾಭವಿದೆ. ಡಿ ಸ್ವರ ತಂಬೂರಿಯ ಹಾಗೆ ಒಂದೇ ಸಮ ನಿಂತಿರುತ್ತದೆ, ಕೆಳಗೆ ಕಾರ್ಡ್‌ಗಳು ಬದಲಾಗುತ್ತವೆ. ಇ ಮೈನರ್ ಬಂದಾಗ ಅದೇ ಡಿ ಏಳನೆಯ ಸ್ವರ, ಡಿ ಬಂದಾಗ ಷಡ್ಜ, ಬಿ ಮೈನರ್ ಬಂದಾಗ ಮೂರನೆಯದು, ಎ ಬಂದಾಗ ನಾಲ್ಕನೆಯದಾಗಿ ತುಸು ಚುಚ್ಚುತ್ತದೆ. ಸ್ವರ ಕದಲಿಲ್ಲ, ಸಂಬಂಧ ನಾಲ್ಕು ಸಲ ಬದಲಾಯಿತು. ಪಲ್ಲವಿಯ ಅರ್ಥವನ್ನು ಗಿಟಾರ್ ಹೀಗೆ ಮೊದಲೇ ಹೇಳಿಬಿಟ್ಟಿರುತ್ತದೆ. ತಂಡದಲ್ಲಿ ಇಬ್ಬರು ಗಿಟಾರಿನವರಿದ್ದರೆ ಒಬ್ಬರು ನಾಲ್ಕೂ ಕಾರ್ಡ್ ನುಡಿಸಲಿ, ಇನ್ನೊಬ್ಬರು ಡಿ ಒಂದನ್ನೇ ಹಿಡಿದು, ಅರ್ಧ ಸದ್ದಿನಲ್ಲಿ, ಮೇಲಿನ ನಾಲ್ಕು ತಂತಿಗಳನ್ನಷ್ಟೇ ಮೀಟಲಿ.

ಹನ್ನೆರಡು ತಂತಿಯ ಗಿಟಾರ್ ಸಿಕ್ಕರೆ ಒಂದು ಎಚ್ಚರಿಕೆ. ಕೆಳಗಿನ ನಾಲ್ಕು ಜೋಡಿಗಳಲ್ಲಿ ಒಂದು ತಂತಿ ಇನ್ನೊಂದಕ್ಕಿಂತ ಒಂದು ಸ್ಥಾಯಿ ಮೇಲೆ, ಮೇಲಿನ ಎರಡು ಜೋಡಿಗಳು ಸಮ. ಜಿ ಜೋಡಿಯ ಸಣ್ಣ ತಂತಿ ಎಲ್ಲಕ್ಕಿಂತ ತೆಳು, ಕಾರ್ಯಕ್ರಮಕ್ಕೆ ಮುಂಚೆ ಕಡಿಯುವುದು ಅದೇ. ಎರಡು ಹೆಚ್ಚಿಗೆ ಇಟ್ಟುಕೊಳ್ಳಿ. ಎಲ್ಲ ತಂತಿಗಳನ್ನೂ ಒಂದು ಪೂರ್ಣ ಸ್ವರ ಇಳಿಸಿ ಶ್ರುತಿ ಮಾಡಿ, ಗಿಟಾರಿನ ಎರಡನೆಯ ಮನೆಗೆ (ಫ್ರೆಟ್) ಕ್ಯಾಪೊ, ಅಂದರೆ ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕ್ಲಿಪ್ಪು, ಹಾಕಿದರೆ ಶ್ರುತಿ ಅದೇ ಬರುತ್ತದೆ, ಗಿಟಾರಿನ ಕತ್ತಿನ ಮೇಲೆ ಎಳೆತ ಕಡಿಮೆಯಾಗುತ್ತದೆ. ಕ್ಯಾಪೊ ಹಾಕಿದ ಮೇಲೆ ಇನ್ನೊಮ್ಮೆ ಶ್ರುತಿ ನೋಡಲೇಬೇಕು, ಜೋಡಿಯ ದಪ್ಪ ತಂತಿ ಸಣ್ಣದಕ್ಕಿಂತ ಹೆಚ್ಚು ಬಿಗಿದುಕೊಳ್ಳುತ್ತದೆ. ಹನ್ನೆರಡು ತಂತಿಯದು ಸಿಗದಿದ್ದರೆ ಸಾಮಾನ್ಯ ಗಿಟಾರಿಗೆ ಕೋರಸ್ ಪೆಡಲ್ (ಒಂದು ಸದ್ದನ್ನು ಹಲವಾಗಿ ಕೇಳಿಸುವ ಸಲಕರಣೆ) ಹಾಕಿ, ತಿರುಗುವ ವೇಗವನ್ನು ಸೆಕೆಂಡಿಗೆ ಒಂದಕ್ಕಿಂತ ಕಡಿಮೆ, ಆಳವನ್ನು ಅರ್ಧಕ್ಕಿಂತ ಕಡಿಮೆ ಇಡಿ. ಅದಕ್ಕಿಂತ ಹೆಚ್ಚಿಸಿದರೆ ನೀರಿನೊಳಗೆ ನುಡಿಸಿದಂತೆ ಕೇಳುತ್ತದೆ.

ಬೇಸ್ ನುಡಿಸುವವರು ಎಡವುವುದು ಬೇರೆ ಕಡೆ. ತಂಡದ ಬೇಸ್ ವಾದಕ ಪೀಟರ್ ಹುಕ್ ಬೇಸನ್ನು ಕೆಳಗಿನ ತಂತಿಗಳಲ್ಲಿ ನುಡಿಸುವುದಕ್ಕಿಂತ ಮೇಲಿನ ತಂತಿಗಳಲ್ಲಿ, ಕತ್ತಿನ ಎತ್ತರದ ಮನೆಗಳಲ್ಲಿ ರಾಗವಾಗಿ ನುಡಿಸಿದವರು. ಅದು ಯಾವ ಸಿದ್ಧಾಂತವೂ ಅಲ್ಲ. ಸಮ್ನರ್ ಅವರ ಗಿಟಾರ್ ಆಂಪ್ಲಿಫೈಯರ್ ಅಬ್ಬರದಲ್ಲಿ ಹುಕ್ ಅವರ ಅಗ್ಗದ ಸಲಕರಣೆಯ ಕೆಳಸ್ವರಗಳು ಅವರಿಗೇ ಕೇಳುತ್ತಿರಲಿಲ್ಲ, ಮೇಲಕ್ಕೆ ಹೋದರೆ ಕೇಳುತ್ತಿತ್ತು. ಜಿ ತಂತಿಯ ಮೇಲೆ ರಾಗ ನುಡಿಸುತ್ತ ಪಕ್ಕದ ಡಿ ತಂತಿಯನ್ನು ಒತ್ತದೆ ಜೊತೆಯಲ್ಲೇ ಮೀಟುವುದು ಈ ಹಾಡಿಗೆ ಹೊಂದುವ ಕ್ರಮ. ಅಭ್ಯಾಸದ ಕೋಣೆಯಲ್ಲಿ ಇದು ತೆಳುವಾಗಿ ಕೇಳುತ್ತದೆ. ‘ಬುಡವೇ ಇಲ್ಲ’ ಎಂದು ಯಾರೋ ಹೇಳುತ್ತಾರೆ, ಬೇಸಿನವರು ಕೆಳಗಿಳಿದು ಬರೀ ಮೂಲಸ್ವರಗಳನ್ನು ಕುಟ್ಟತೊಡಗುತ್ತಾರೆ. ಅಲ್ಲಿಗೆ ಹಾಡಿನ ಅರ್ಧ ಹೋಯಿತು. ಬುಡ ಬೇಕೇ ಬೇಕು ಎಂದರೆ ಕೀಬೋರ್ಡಿನವರ ಎಡಗೈ ಇ, ಡಿ, ಬಿ, ಎ ಸ್ವರಗಳನ್ನು ಸಣ್ಣ ಸದ್ದಿನಲ್ಲಿ ಹಿಡಿದುಕೊಳ್ಳಲಿ.

ಗಾಯಕರ ಅನುಕೂಲಕ್ಕೆ ಶ್ರುತಿ ಏರಿಸುವಾಗಲೂ ಬೇಸಿನವರನ್ನು ಕೇಳಿ. ಗಿಟಾರಿಗೆ ಕ್ಯಾಪೊ ಇದೆ, ಕೀಬೋರ್ಡಿಗೆ ಟ್ರಾನ್ಸ್‌ಪೋಸ್ ಗುಂಡಿ ಇದೆ. ಬೇಸಿಗೆ ಸಾಮಾನ್ಯವಾಗಿ ಎರಡೂ ಇರುವುದಿಲ್ಲ, ತೆರೆದ ಡಿ ತಂತಿಯ ಆಸರೆ ತಪ್ಪುತ್ತದೆ. ಕರ್ಟಿಸ್ ಅವರದು ತಗ್ಗಿನ ದನಿ. ಎತ್ತರದ ದನಿಯವರು ಶ್ರುತಿ ಏರಿಸುವ ಬದಲು ಪಲ್ಲವಿಯನ್ನು ಒಂದು ಸ್ಥಾಯಿ ಮೇಲೆ ಹಾಡಿ ನೋಡುವುದುಂಟು. ಆಗ ಅದು ಕಿರುಚಾಟವಾಗುತ್ತದೆ.

ಡ್ರಮ್ಸ್ ವಿಷಯದಲ್ಲಿ ಹ್ಯಾನೆಟ್ ಹಟಮಾರಿ. ಒಂದೊಂದು ಡ್ರಮ್ಮಿನ ಸದ್ದೂ ಪಕ್ಕದ್ದರೊಂದಿಗೆ ಬೆರೆಯದೆ ಬಿಡಿಬಿಡಿಯಾಗಿ ಸಿಗಬೇಕು ಎನ್ನುವವರು. ಸ್ನೇರ್ (ಚುರುಕು ಸದ್ದಿನ ಸಣ್ಣ ಡ್ರಮ್) ಸದ್ದು ಸರಿಬರಲಿಲ್ಲವೆಂದು ತಂಡದ ಡ್ರಮ್ಮರ್ ಸ್ಟೀಫನ್ ಮಾರಿಸ್ ಅವರನ್ನು ನಡುರಾತ್ರಿ ಫೋನ್ ಮಾಡಿ ಎಬ್ಬಿಸಿ ಸ್ಟುಡಿಯೊಗೆ ಕರೆಸಿ ಮತ್ತೆ ನುಡಿಸಿಕೊಂಡದ್ದು ಈ ಹಾಡಿಗೇ. ಎಎಂಎಸ್ ಕಂಪನಿಯ ಡಿಜಿಟಲ್ ಡಿಲೇ ಯಂತ್ರ ಅವರ ಕೈಯಲ್ಲಿ ವಾದ್ಯವೇ ಆಗಿತ್ತು. ಏಟಿನ ಹಿಂದೆಯೇ ಅದರ ನಕಲನ್ನು ಸೆಕೆಂಡಿನ ಸಾವಿರದ ಕೆಲವೇ ಪಾಲಿನಷ್ಟು ತಡವಾಗಿ ಸೇರಿಸಿದರೆ, ಸುಮಾರು 30 ಮಿಲಿಸೆಕೆಂಡ್ ಒಳಗಿರುವ ತನಕ, ಕಿವಿ ಅದನ್ನು ಎರಡನೆಯ ಏಟು ಎನ್ನುವುದಿಲ್ಲ, ದಪ್ಪಗಾದ ಒಂದೇ ಏಟು ಎನ್ನುತ್ತದೆ. ಇವತ್ತು ಯಾವ ಸಾಮಾನ್ಯ ಡಿಜಿಟಲ್ ಮಿಕ್ಸರ್‌ನಲ್ಲೂ ಇದು ಸಾಧ್ಯ. ಸ್ನೇರಿಗೆ ಮಾತ್ರ 20 ಮಿಲಿಸೆಕೆಂಡ್ ಡಿಲೇ ಕೊಡಿ, ಮರುಕಳಿಕೆ (ಫೀಡ್‌ಬ್ಯಾಕ್) ಶೂನ್ಯಕ್ಕಿಡಿ, ಮೂಲದ ಅರ್ಧದಷ್ಟು ಸದ್ದು ಸಾಕು. ರಿವರ್ಬ್ (ಅನುರಣನ) ಬೇಡ, ಕಾಲೇಜು ಸಭಾಂಗಣದ ಗೋಡೆಗಳೇ ಬೇಕಾದಷ್ಟು ಕೊಡುತ್ತವೆ. ಡ್ರಮ್ಮರ್ ಕಿವಿಗೆ ಮೆಟ್ರೊನೋಮ್ (ತಾಳ ಹಿಡಿದುಕೊಡುವ ಯಂತ್ರ) ಇರಲಿ. 147ರಲ್ಲಿ ಹೊರಟವರು ಎರಡನೆಯ ಪಲ್ಲವಿಯ ಹುರುಪಿಗೆ 155 ದಾಟುತ್ತಾರೆ, ಆಗ ಚರಣದ ಮಾತುಗಳು ನುಂಗಿಹೋಗುತ್ತವೆ.

ಹಾಡನ್ನು ಗುರುತು ಹಿಡಿಯುವುದು ಕೀಬೋರ್ಡಿನ ಎಳೆಯಿಂದ. ಮೂಲದಲ್ಲಿ ಅದು ಆರ್ಪ್ ಓಮ್ನಿ ಎಂಬ, ತಂತಿವಾದ್ಯಗಳ ಸದ್ದನ್ನು ಅಣಕಿಸುವ ಯಂತ್ರ. ಇಂದಿನ ಕೀಬೋರ್ಡಿನಲ್ಲಿ ಮೊದಲು ಸಿಗುವ ‘ಸ್ಟ್ರಿಂಗ್ಸ್’ ಒತ್ತಿದರೆ ಮದುವೆ ಆರ್ಕೆಸ್ಟ್ರಾ ಆಗುತ್ತದೆ. ಆ ಸದ್ದು ತೀರಾ ನಿಜವಾದದ್ದು, ನಿಧಾನಕ್ಕೆ ಉಬ್ಬುವಂಥದ್ದು. ‘ಸ್ಟ್ರಿಂಗ್ ಮಷೀನ್’ ಅಥವಾ ‘ಸಿಂಥ್ ಸ್ಟ್ರಿಂಗ್ಸ್’ ಹುಡುಕಿ. ಅಟ್ಯಾಕ್ (ಸದ್ದು ಏರುವ ಹೊತ್ತು) 50 ಮಿಲಿಸೆಕೆಂಡ್ ಒಳಗೆ, ರಿಲೀಸ್ (ಕೈಬಿಟ್ಟ ಮೇಲೆ ಆರುವ ಹೊತ್ತು) 300ರ ಆಸುಪಾಸು, 200 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಬಲಗೈಯಲ್ಲಿ ಒಂದು ಸಲಕ್ಕೆ ಒಂದೇ ಸ್ವರ. ಈ ಎಳೆ ಪಲ್ಲವಿಯ ರಾಗವೇ. ಗಾಯಕ ಬಾಯಿ ತೆರೆಯುವ ಮೊದಲೇ ಯಂತ್ರ ಆ ಸಾಲನ್ನು ಹಾಡಿ ಮುಗಿಸಿರುತ್ತದೆ. ಬೀಳಲಿರುವ ತೀರ್ಪು ಕೇಳುಗನಿಗೆ ಮೊದಲೇ ಗೊತ್ತು. ಚರಣದಲ್ಲಿ ಅದು ಸುಮ್ಮನಿರಬೇಕು. ಖಾಲಿ ಕಂಡಲ್ಲೆಲ್ಲ ತುಂಬುವ ಚಟದಿಂದ ಕೀಬೋರ್ಡಿನವರು ಚರಣದಲ್ಲೂ ಕಾರ್ಡ್ ಹಿಡಿದರೆ, ಪಲ್ಲವಿ ಬಂದದ್ದೇ ತಿಳಿಯುವುದಿಲ್ಲ. ನಾಲ್ಕೇ ಕಾರ್ಡಿನ ಹಾಡಿನಲ್ಲಿ ಚರಣಕ್ಕೂ ಪಲ್ಲವಿಗೂ ಇರುವ ದೊಡ್ಡ ವ್ಯತ್ಯಾಸವೇ ಈ ಎಳೆ.

ದನಿಗೆ ಹೇಳುವುದು ಸ್ವಲ್ಪವೇ: ಅಳಬೇಡಿ. ಫ್ಯಾಕ್ಟರಿ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಟೋನಿ ವಿಲ್ಸನ್ ಆ ದಿನಗಳಲ್ಲಿ ಕರ್ಟಿಸ್‌ಗೆ ಕೇಳಲು ಕೊಟ್ಟದ್ದು ಅಮೆರಿಕದ ಗಾಯಕ ಫ್ರ್ಯಾಂಕ್ ಸಿನಾತ್ರಾ ಅವರ ರೆಕಾರ್ಡ್. ಮೈಕಿನ ಹತ್ತಿರ ನಿಂತು, ಗಂಟಲು ಬಿಗಿಯದೆ, ಪಕ್ಕದಲ್ಲಿರುವವರಿಗೆ ವರದಿ ಒಪ್ಪಿಸುವಂತೆ ಹಾಡಿದ್ದು ಅಲ್ಲಿಂದ ಬಂದದ್ದು. ಚರಣದ ಕೊನೆಯ ಅಕ್ಷರಗಳನ್ನು ಎಳೆದು ಗಮಕ ಹಾಕಿದರೆ, ತಣ್ಣಗಿನ ಕೋಣೆಯಲ್ಲಿ ಯಾರೋ ಹೀಟರ್ ಹಾಕಿದ ಹಾಗಾಗುತ್ತದೆ.

ಅಂತರ್ಜಾಲದಲ್ಲಿ ಸಿಗುವ ವಿಡಿಯೊ ನೋಡಿ ಕೈ ಕಲಿಯುವವರಿಗೂ ಒಂದು ಮಾತು. ಅದನ್ನು 1980ರ ಏಪ್ರಿಲ್ 28ರಂದು ಮ್ಯಾಂಚೆಸ್ಟರ್‌ನ ಟಿ.ಜೆ. ಡೇವಿಡ್‌ಸನ್ ಅಭ್ಯಾಸದ ಕೋಣೆಯಲ್ಲಿ ಚಿತ್ರೀಕರಿಸಲಾಯಿತು. ಅಲ್ಲಿ ನುಡಿಸಿದ ಸದ್ದು ಚೆನ್ನಾಗಿ ಬರದ ಕಾರಣ ಆಮೇಲೆ ರೆಕಾರ್ಡಿನ ಸದ್ದನ್ನು ಕೂಡಿಸಿದ್ದಾರೆ. ತುಟಿಗೂ ಮಾತಿಗೂ, ಕೈಗೂ ತಂತಿಗೂ ತಾಳೆಯಾಗುವುದಿಲ್ಲ. ಮೀಟುವ ಕ್ರಮವನ್ನು ಕಿವಿಯಿಂದಲೇ ಕಲಿಯಬೇಕು.

ಲೇಖನ ಈ ಹಾಡನ್ನು ‘ಆಲ್ಟರ್ನೇಟಿವ್ ರಾಕ್’ ಎಂದು ಕರೆದದ್ದಕ್ಕೆ ನಮ್ಮ ತಕರಾರಿಲ್ಲ, ಅಂದು ಆ ಹೆಸರು ಅಷ್ಟಾಗಿ ಚಲಾವಣೆಯಲ್ಲಿ ಇರಲಿಲ್ಲ, ಅಷ್ಟೆ. ಪೋಸ್ಟ್ ಪಂಕ್ ಎನ್ನುತ್ತಿದ್ದರು. ದೊಡ್ಡ ಕಂಪನಿಗಳ ಹೊರಗಿನ ರೆಕಾರ್ಡುಗಳಿಗೆಂದೇ ಬ್ರಿಟನ್ನಿನಲ್ಲಿ ಪ್ರತ್ಯೇಕ ಮಾರಾಟ ಪಟ್ಟಿ ಶುರುವಾದದ್ದು 1980ರ ಜನವರಿಯಲ್ಲಿ. ಆ ಪಟ್ಟಿಯಲ್ಲಿ ಈ ಹಾಡು ಮೊದಲ ಸ್ಥಾನಕ್ಕೆ ಹೋಯಿತು, ಮುಖ್ಯ ಪಟ್ಟಿಯಲ್ಲಿ 13ರವರೆಗೆ ಏರಿತು. ಮರುವರ್ಷ ನ್ಯೂಜಿಲೆಂಡ್‌ನಲ್ಲಿ ಮುಖ್ಯ ಪಟ್ಟಿಯ ಮೊದಲ ಸ್ಥಾನವೇ ಸಿಕ್ಕಿತು.

ಕೊನೆಯದಾಗಿ, ಹಾಡಿಗಿಂತ ಗಂಭೀರವಾದ ಒಂದು ವಿಷಯ. ಲೇಖನ ಕರ್ಟಿಸ್ ಅವರ ಸಾವಿನ ವಿವರಗಳನ್ನು ಬೇಡದಷ್ಟು ಬಣ್ಣಿಸಿದೆ. ಸಹಾಯವಾಣಿಯ ಸಂಖ್ಯೆಯನ್ನು ಎಲ್ಲೂ ಹಾಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಉಸ್ತುವಾರಿಯ ‘ಟೆಲಿ ಮಾನಸ್’ ಸಂಖ್ಯೆ 14416. ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತನಾಡುತ್ತಾರೆ. ಇಂಥ ಲೇಖನದ ಕೆಳಗೆ ಅದು ಒಂದು ಸಾಲಿನ ಜಾಗ ಕೇಳುತ್ತದೆ.

ತಿದ್ದುಪಡಿ ಹಾಕುವುದಾದರೆ ಇಷ್ಟನ್ನು ದಯವಿಟ್ಟು ಸೇರಿಸಿ: ತಂಡ ಅಮೆರಿಕದ್ದಲ್ಲ, ಇಂಗ್ಲೆಂಡಿನದು. ಹಾಡು ‘ಕ್ಲೋಸರ್’ ಆಲ್ಬಮ್‌ನಲ್ಲಿಲ್ಲ; ಬಿಡಿಯಾಗಿ ಬಂದು, 1988ರ ‘ಸಬ್‌ಸ್ಟೆನ್ಸ್’ ಸಂಕಲನಕ್ಕೆ ಸೇರಿತು. ಮೊದಲ ಧ್ವನಿಮುದ್ರಣ 1979ರದು. ವೇಗ 147.

ಇತಿ,
ಗಿಟಾರ್ ಮತ್ತು ಕೀಬೋರ್ಡ್ ಕಲಿಸುವ ಇಬ್ಬರು ಓದುಗರು,
ಮೈಸೂರು